ಬಿಯರ್ ಡಬ್ಬಿ ಮತ್ತು ಬೈಕಿನ ಕೀಲಿ

ಕಳೆದ ತಿಂಗಳು ಒಂದು ರಾತ್ರಿ ಹನ್ನೊಂದಕ್ಕೆ ವಿಜಯಪುರದಿಂದ ಅಕ್ಕನ ಫೋನ್. ಇಲ್ಲಿ ಪುಣೆಯಲ್ಲಿ ಓದುತ್ತಿರುವ ಅವಳ ಮಗನ ಪಿಜಿ ಖೋಲಿಯಲ್ಲಿ ಮಾಲೀಕರಿಗೆ ಎರಡು ಬಿಯರ್ ಡಬ್ಬಿ ಸಿಕ್ಕಿದ್ದವು. ಹುಡುಗನಿಗೆ ಇನ್ನೂ 17. "ತಮ್ಮಾ, ಪೊಲೀಸ್ ಕೇಸ್ ಆಗ್ತೈತೇನೋ? ಅವನ ಇಂಜಿನಿಯರಿಂಗ್ ಗತಿ ಏನು?" ಎಂದು ಅಳುತ್ತಿದ್ದಳು. ಸಮಾಧಾನ ಹೇಳಿ ಫೋನ್ ಇಡಬೇಕು ಅನ್ನುವಷ್ಟರಲ್ಲಿ ಅವಳೇ ಇನ್ನೊಂದು ಮಾತು ಸೇರಿಸಿದಳು. "ಅವನ ಬೈಕ್ ರೈಲಿನಾಗ ಪಾರ್ಸಲ್ ಹಾಕಸ್ತೀವಿ. ಮುಂದಿನ ವಾರ ಬರ್ತೈತಿ, ಸ್ಟೇಶನ್ನಿಗೆ ಹೋಗಿ ಬಿಡಿಸ್ಕೊಂಡು ಬಾ."

ಬಿಯರಿಗೆ ಅಳು, ಬೈಕಿಗೆ ಏನೂ ಇಲ್ಲ. ಆ ರಾತ್ರಿ ನನ್ನ ನಿದ್ದೆ ಕೆಡಿಸಿದ್ದು ಬೈಕು.

ಮಹಾರಾಷ್ಟ್ರದಲ್ಲಿ ಬಿಯರ್, ವೈನಿಗೆ 21 ವರ್ಷ, ವಿಸ್ಕಿ, ರಮ್ಮಿನಂಥವಕ್ಕೆ 25 ವರ್ಷ ತುಂಬಿರಬೇಕು. ನಮ್ಮ ಕರ್ನಾಟಕದಲ್ಲಿ ಅಂಗಡಿಯವರು 21ರ ಕೆಳಗಿನವರಿಗೆ ಮಾರುವಂತಿಲ್ಲ. 2023ರಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಬಂದಿತ್ತು, ವಿರೋಧ ಎದ್ದ ಮೇಲೆ ಸರಕಾರ ಕೈಬಿಟ್ಟಿತು. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜೀವಂತವಾಗಿದೆ. ಹಾಗಾಗಿ ಕುಡಿಯುವ ದೊಡ್ಡವರೂ ನಿಯಮದ ಪ್ರಕಾರ ಪರವಾನಗಿ ಇಟ್ಟುಕೊಂಡಿರಬೇಕು. ಈ ಊರಿಗೆ ಬಂದು ಇಷ್ಟು ವರ್ಷವಾಯಿತು, ಯಾವ ಬಾರಿನಲ್ಲೂ ಅದನ್ನು ಕೇಳಿದ್ದು ನಾನು ಕಂಡಿಲ್ಲ.

ಹಾಗಾದರೆ ಅಳಿಯನ ಗತಿ? 18 ತುಂಬದವನು ಕಾನೂನಿನ ಕಣ್ಣಿಗೆ ಮಗು. 2015ರ ಬಾಲನ್ಯಾಯ ಕಾಯ್ದೆಯಡಿ ಇಂಥ ಸಣ್ಣ ತಪ್ಪಿಗೆ ಸಾಮಾನ್ಯವಾಗಿ ಎಫ್‌ಐಆರ್ ಕೂಡ ಹಾಕುವುದಿಲ್ಲ. ಪೊಲೀಸರು ಡೈರಿಯಲ್ಲಿ ಬರೆದುಕೊಂಡು ಬಾಲನ್ಯಾಯ ಮಂಡಳಿಗೆ ವರದಿ ಕಳಿಸಬಹುದು, ಮಂಡಳಿ ಬುದ್ಧಿ ಹೇಳಿ ಬಿಡಬಹುದು. ನಾಳೆ ನೌಕರಿಗೆ ಇದು ಅಡ್ಡ ಬರಬಾರದೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಆ ಡಬ್ಬಿಯನ್ನು ಅವನ ಕೈಗೆ ಕೊಟ್ಟವರು ಯಾರೋ ಇದ್ದಾರಲ್ಲ, ಅವರ ಪಾಡು ಬೇರೆ. ಅದೇ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ಬಾರಿನವನು, ಅಂಗಡಿಯವನು ಅಂತಷ್ಟೇ ಇಲ್ಲ. "ಹಬ್ಬ, ಒಂದು ಗುಟುಕು ಕುಡಿ" ಎಂದು ಮದುವೆ ಮನೆಯ ಹಿಂದೆ ಗ್ಲಾಸು ಚಾಚುವ ಕಾಕಾನೂ ಅದರೊಳಗೇ ಬರುತ್ತಾನೆ.

ಇದಕ್ಕೆ ಹೋಲಿಸಿದರೆ ಕುಡಿದು ಗಾಡಿ ಓಡಿಸುವ ದೊಡ್ಡವನ ಶಿಕ್ಷೆ ಎಷ್ಟು ಗೊತ್ತೇ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಯಾರಿಗೂ ಪೆಟ್ಟಾಗದಿದ್ದರೆ ಬಹುತೇಕ ದಂಡ ಕಟ್ಟಿ, ಕೆಲ ತಿಂಗಳು ಲೈಸೆನ್ಸ್ ಕಳೆದುಕೊಂಡು ಮುಗಿಯುತ್ತದೆ. ಪೆಟ್ಟಾದ ದಿನ ಲೆಕ್ಕವೇ ಬದಲಾಗುತ್ತದೆ.

ಪುಣೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಮೇ 19ರ ನಸುಕಿಗೆ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಬೈಕಿಗೆ ಗುದ್ದಿ, ಮಧ್ಯಪ್ರದೇಶದಿಂದ ಬಂದು ಇಲ್ಲಿ ಐಟಿ ಕೆಲಸ ಮಾಡುತ್ತಿದ್ದ ಇಬ್ಬರು ಎಳೆಯರು ತೀರಿಕೊಂಡರು. ನಮ್ಮ ಹಾಗೇ ಊರು ಬಿಟ್ಟು ಬಂದವರು. ಚಕ್ರದ ಹಿಂದೆ ಇದ್ದವನಿಗೆ 17. ಅದಕ್ಕೂ ಮೊದಲು ಅವನು ಎರಡು ಪಬ್ಬಿಗೆ ಹೋಗಿದ್ದನೆಂದು ಪೊಲೀಸರು ಹೇಳಿದರು. ಕೋಟಿಗಟ್ಟಲೆ ಬೆಲೆಯ ಆ ಕಾರಿನ ನೋಂದಣಿ 1,758 ರೂಪಾಯಿ ಶುಲ್ಕ ಕಟ್ಟದೆ ನಿಂತಿತ್ತು. ಕೆಲವೇ ಗಂಟೆಗಳಲ್ಲಿ ಜಾಮೀನು ಸಿಕ್ಕಿತು, ರಸ್ತೆ ಅಪಘಾತದ ಮೇಲೆ 300 ಪದದ ಪ್ರಬಂಧ ಬರೆಯಬೇಕೆಂಬ ಷರತ್ತಿನೊಂದಿಗೆ. 300 ಪದ ಎಂದರೆ ಈ ಅಂಕಣಕ್ಕಿಂತ ಬಹಳ ಕಡಿಮೆ.

ದೇಶವೇ ಸಿಟ್ಟಾಯಿತು. ಆದರೆ ಮಂಡಳಿಯ ಕೈಯಲ್ಲಿದ್ದ ಕಾನೂನಿಗೂ ಮಿತಿ ಇತ್ತು. 16 ದಾಟಿದ ಹುಡುಗನನ್ನು ದೊಡ್ಡವನಂತೆ ವಿಚಾರಣೆಗೆ ಒಳಪಡಿಸಲು ಅಪರಾಧಕ್ಕೆ ಕನಿಷ್ಠ 7 ವರ್ಷ ಶಿಕ್ಷೆ ಇರಬೇಕು. ಉದ್ದೇಶವಿಲ್ಲದೆ ಸಾವು ತಂದ ಕಲಮಿಗೆ ಗರಿಷ್ಠ 10 ವರ್ಷ ಉಂಟು, ಕನಿಷ್ಠ ಎಂಬುದಿಲ್ಲ. ದೆಹಲಿಯ ಇನ್ನೊಂದು ಕಾರು ಪ್ರಕರಣದಲ್ಲಿ 2020ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತ್ತು. 2025ರ ಜುಲೈನಲ್ಲಿ ಪುಣೆಯ ಮಂಡಳಿಯೂ ಹುಡುಗನನ್ನು ವಯಸ್ಕನಂತೆ ನೋಡಬೇಕೆಂಬ ಪೊಲೀಸರ ಮನವಿಯನ್ನು ಒಪ್ಪಲಿಲ್ಲ. ಮಗು ಎಂದೇ ಉಳಿದವನಿಗೆ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹ.

ಜೈಲು ಕಂಡವರು ದೊಡ್ಡವರು. ತಂದೆ, ಬಾರಿನವರು ಮೊದಲು ಬಂಧನಕ್ಕೆ ಒಳಗಾದರು. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ಇಬ್ಬರು ವೈದ್ಯರು, ಕೊನೆಗೆ ತಾಯಿ. ಸಾವಾಗದಿದ್ದರೂ, ಒಂದು ತೊಟ್ಟು ಕುಡಿಯದಿದ್ದರೂ, ಬರೀ ಗಾಡಿ ಕೊಟ್ಟ ತಪ್ಪಿಗೇ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಇದೆ. ಅಪ್ರಾಪ್ತ ಓಡಿಸುವಾಗ ತಪ್ಪು ಮಾಡಿದರೆ ಪಾಲಕ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನನಗೆ ಗೊತ್ತಿರಲಿಲ್ಲ ಎಂದರೆ ಸಾಲದು, ಅದನ್ನು ಸಾಬೀತು ಮಾಡುವ ಹೊಣೆಯೂ ದೊಡ್ಡವರದೇ.

ಮರುದಿನ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. "ಅವರಪ್ಪ ಹದಿನಾಲ್ಕಕ್ಕೇ ಕಲಿಸ್ಯಾರ, ಊರಾಗ ಎಲ್ಲಾರೂ ಹೊಡೀತಾರ" ಎಂದಳು. ಬೈಕು ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹೆಸರಲೇ ಐತಿ" ಎಂದಳು. ಇಲ್ಲಿ ಬಂದಿಳಿದರೆ ಪಾರ್ಸಲ್ ಬಿಡಿಸಿ ಅವನ ಕೈಗೆ ಕೀಲಿ ಕೊಡುವವನು ನಾನು.

ಬೈಕು ವಿಜಯಪುರದಲ್ಲೇ ತಾಡಪತ್ರಿ ಹೊದ್ದು ನಿಂತಿದೆ, ಅವನಿಗೆ 18 ತುಂಬಿ ಲೈಸೆನ್ಸ್ ಬರುವವರೆಗೆ. ಬಿಯರ್ ತಂದುಕೊಟ್ಟ ಸೀನಿಯರ್ ಯಾರೆಂದು ಹುಡುಗ ಇನ್ನೂ ಬಾಯಿ ಬಿಟ್ಟಿಲ್ಲ. ನನ್ನ ಮೇಲೆ ಸಿಟ್ಟು ಹೋಗಿಲ್ಲ. ಆದರೂ ಭಾನುವಾರ ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಊಟಕ್ಕೆ ತಪ್ಪದೆ ಬರುತ್ತಾನೆ, ಪಿಎಂಪಿ ಬಸ್ಸಿನಲ್ಲಿ.