ವೈದ್ಯನ ಆಜ್ಞೆ, ದಾದಿಯ ವಿವೇಕ

ರೋಗಿಯ ಹಾಸಿಗೆಯ ಬಳಿ ವೈದ್ಯನು ನಿಲ್ಲುವುದು ಕೆಲವು ನಿಮಿಷ, ದಾದಿಯರು ಕಾಯುವುದು ಹಗಲಿರುಳು. ಆದರೂ ಆಜ್ಞಾಪಿಸುವ ಅಧಿಕಾರ ಅವನದು, ಪಾಲಿಸುವ ಹೊಣೆ ಇವರದು ಎಂದು ಹಂಚಿಹೋಗಿರುವ ಆಸ್ಪತ್ರೆಯಲ್ಲಿ ಆಜ್ಞೆಯೇ ತಪ್ಪಾದರೆ ಏನಾಗುವುದೆಂಬುದನ್ನು ಅಮೆರಿಕೆಯ ಮನೋವೈದ್ಯರಾದ ಚಾರ್ಲ್ಸ್ ಹಾಫ್ಲಿಂಗರೂ ಅವರ ಸಂಗಡಿಗರೂ ಪರೀಕ್ಷಿಸಿ, ಫಲಿತಾಂಶವನ್ನು 1966ರಲ್ಲಿ ಪ್ರಕಟಿಸಿದರು.

ಸಂಜೆಯ ಪಾಳಿಯಲ್ಲಿ ಒಬ್ಬಳೇ ಇದ್ದ ದಾದಿಗೆ, ಆಕೆ ಎಂದೂ ಕಂಡರಿಯದ ವೈದ್ಯನೊಬ್ಬನಿಂದ ದೂರವಾಣಿ ಕರೆ ಬರುತ್ತಿತ್ತು: ಇಂಥ ರೋಗಿಗೆ ‘ಆಸ್ಟ್ರೋಟೆನ್’ ಎಂಬ ಔಷಧವನ್ನು 20 ಮಿಲಿಗ್ರಾಂ ಕೊಡತಕ್ಕದ್ದು, ಸಹಿಯನ್ನು ಬಂದ ಮೇಲೆ ಹಾಕುವೆನು. ವಾರ್ಡಿನಲ್ಲಿರಿಸಿದ್ದ ಡಬ್ಬಿಯ ಮೇಲಾದರೋ ದಿನಕ್ಕೆ 10 ಮಿಲಿಗ್ರಾಂ ಮೀರಕೂಡದೆಂದು ಬರೆದಿತ್ತು. ದೂರವಾಣಿಯಲ್ಲಿ ಔಷಧದ ಆದೇಶವನ್ನು ಸ್ವೀಕರಿಸಬಾರದೆಂಬ ನಿಯಮವೂ ಇದ್ದಿತು. ಹೀಗಿದ್ದೂ 22 ಮಂದಿಯಲ್ಲಿ 21 ಮಂದಿ ಗುಳಿಗೆ ಎಣಿಸಿಕೊಂಡು ರೋಗಿಯತ್ತ ಹೊರಟರು. ಅಲ್ಲಿಯೇ ಕಾದಿದ್ದ, ಪ್ರಯೋಗದ ಕಡೆಯ ವೈದ್ಯನೊಬ್ಬನು ಅವರನ್ನು ತಡೆದನು. ಗುಳಿಗೆಯಲ್ಲಿದ್ದುದು ನಿರುಪದ್ರವಿಯಾದ ಗ್ಲೂಕೋಸು. ಇಂಥ ಪ್ರಸಂಗದಲ್ಲಿ ಏನು ಮಾಡುವಿರೆಂದು ಬೇರೆ 12 ಮಂದಿ ದಾದಿಯರನ್ನು ಕೇಳಿದಾಗಲೋ, 10 ಮಂದಿ ‘ಕೊಡೆವು’ ಎಂದೇ ಉತ್ತರಿಸಿದ್ದರು.

ದಾದಿಯರು ವಿವೇಕಶೂನ್ಯರೆಂದು ಇದರಿಂದ ತೀರ್ಮಾನಿಸುವುದು ದುಡುಕಾದೀತು. 1977ರಲ್ಲಿ ರ‍್ಯಾಂಕ್ ಮತ್ತು ಜೇಕಬ್ಸನ್ ಎಂಬುವರು ಸುಪರಿಚಿತವಾದ ವೇಲಿಯಂ ಔಷಧವನ್ನು ಅತಿಪ್ರಮಾಣದಲ್ಲಿ ಕೊಡುವಂತೆ, ದಾದಿಯರು ಬಲ್ಲ ವೈದ್ಯನ ಹೆಸರಿನಲ್ಲಿಯೇ ಆದೇಶ ಕೊಡಿಸಿ, ಸಹೋದ್ಯೋಗಿಗಳೊಡನೆ ಸಮಾಲೋಚಿಸಲು ಅವಕಾಶವಿತ್ತಾಗ, 18 ಮಂದಿಯಲ್ಲಿ ಅದನ್ನು ಕೊಡಲು ಸಿದ್ಧರಾದವರು ಇಬ್ಬರೇ. ಔಷಧದ ಪರಿಚಯವೂ ಪಕ್ಕದವರ ಬೆಂಬಲವೂ ಇದ್ದೆಡೆ ವಿವೇಕವು ತಾನಾಗಿ ಬಾಯಿಬಿಡುತ್ತದೆ.

ಆ ಬೆಂಬಲವನ್ನು ನಿಯಮವಾಗಿಯೇ ಕಟ್ಟಿಕೊಟ್ಟ ನಿದರ್ಶನವೊಂದು ಮಿಷಿಗನ್ ರಾಜ್ಯದ್ದು. ವೈದ್ಯ ಪೀಟರ್ ಪ್ರೊನೊವೋಸ್ಟರ ಮುಂದಾಳ್ತನದಲ್ಲಿ ಅಲ್ಲಿಯ ನೂರಕ್ಕೂ ಮಿಕ್ಕ ತೀವ್ರನಿಗಾ ಘಟಕಗಳು, ದೊಡ್ಡ ರಕ್ತನಾಳಕ್ಕೆ ನಳಿಕೆ ತೂರಿಸುವ ಸಂಬಂಧದಲ್ಲಿ, ಕೈ ತೊಳೆಯುವುದು, ಚರ್ಮವನ್ನು ಕ್ಲೋರ್‌ಹೆಕ್ಸಿಡೀನಿನಿಂದ ಶುದ್ಧಗೊಳಿಸುವುದು ಮೊದಲಾದ ಐದು ಕ್ರಮಗಳನ್ನು ಕೈಗೊಂಡವು; ತುರ್ತು ಸಂದರ್ಭವೊಂದನ್ನುಳಿದು, ಕ್ರಮ ತಪ್ಪಿದ ವೈದ್ಯನನ್ನು ಅಲ್ಲಿಯೇ ನಿಲ್ಲಿಸುವ ಅಧಿಕಾರವನ್ನು ದಾದಿಯರಿಗೆ ಕೊಟ್ಟವು. 2006ರಲ್ಲಿ ಪ್ರಕಟವಾದ ವರದಿಯಂತೆ, 1000 ನಳಿಕೆ-ದಿನಗಳಿಗೆ 2.7ರಷ್ಟಿದ್ದ ರಕ್ತದ ಸೋಂಕಿನ ಮಧ್ಯಾಂಕವು ಮೂರು ತಿಂಗಳೊಳಗೆ ಸೊನ್ನೆಗಿಳಿಯಿತು.

‘ಸಾರ್, ಈ ಡೋಸು ಇನ್ನೊಮ್ಮೆ ನೋಡುವಿರಾ?’ ಎಂದು ದಾದಿ ಕೇಳಿದಾಗ ಮುಖ ಸಿಂಡರಿಸುವ ವೈದ್ಯನು, ತನ್ನ ಗೌರವವನ್ನು ಕಾಪಾಡಿಕೊಂಡೆನೆಂದು ಭಾವಿಸಿ, ರೋಗಿಯ ರಕ್ಷಣೆಗಿದ್ದ ಕಾವಲನ್ನು ತಾನೇ ತೆಗೆದುಹಾಕುತ್ತಾನೆ. ಆ ಪ್ರಶ್ನೆಯೂ ಚಿಕಿತ್ಸೆಯ ಒಂದು ಅಂಗವೆಂದು ವೈದ್ಯಕೀಯ ಶಾಲೆಗಳು ಮೊದಲ ವರ್ಷದಿಂದಲೇ ಕಲಿಸತಕ್ಕದ್ದು.