ರಜೆಯ ದಿನಗಳಲ್ಲಿ ಸಸಿಗೆ ನೀರೆರೆಯುವವರು

ಬಳ್ಳಾರಿ ರಸ್ತೆಯಲ್ಲಿ ಯಲಹಂಕವನ್ನು ದಾಟಿ ವಿಮಾನ ನಿಲ್ದಾಣದತ್ತ ಸಾಗುವವರಿಗೆ ಹುಣಸಮಾರನಹಳ್ಳಿ ಎಂಬ ಹೆಸರು ಅಪರಿಚಿತವಲ್ಲ. ಭಾಷೆಯ ಅಧ್ಯಾಪಕನಾದ ನನಗೆ ಆ ಹೆಸರಿನಲ್ಲಿ ಬಹುಕಾಲದಿಂದ ಒಂದು ಕುತೂಹಲ. ಹುಣಸೆಮರದ ಹಳ್ಳಿಯೆಂದು ಅದು ಮೇಲುನೋಟಕ್ಕೆ ತೋರುತ್ತದೆ. ಆದರೆ ಮರವೆಂಬುದು ನಪುಂಸಕಲಿಂಗದ ಶಬ್ದ. ಷಷ್ಠಿಯಲ್ಲಿ ಅದು 'ಮರದ' ಎಂದಾಗಬೇಕೇ ಹೊರತು 'ಮಾರನ' ಎಂದಾಗದು. ಮಾರ ಎಂಬುದು ನಮ್ಮ ಹಳ್ಳಿಗಳಲ್ಲಿ ಗಂಡಸಿನ ಹೆಸರು. ಮಾರನ ಹೆಸರಿನ ಹಳ್ಳಿಗಳು ನಾಡಿನಲ್ಲಿ ಹಲವಿರುವುದರಿಂದ, ಹುಣಸೆಯಿದ್ದ ಮಾರನಹಳ್ಳಿಯನ್ನು ಜನ ಹೀಗೆ ಬೇರ್ಪಡಿಸಿ ಕರೆದಿರಬಹುದೆಂದು ನನ್ನ ಊಹೆ. ಹಳಗನ್ನಡದ ಪುಣಿಸೆಯೇ ಇಂದಿನ ಹುಣಸೆ. ಅಂತೂ ಆ ಹೆಸರಿನಲ್ಲಿ ಒಂದು ಮರವುಂಟು, ಅದರ ಪಕ್ಕದಲ್ಲಿ ಒಬ್ಬ ಮನುಷ್ಯನೂ ಉಂಟು. ಪ್ರಾಥಮಿಕ ಶಾಲೆಗಳ ಪರಿಸರ ಕಾರ್ಯಗಳನ್ನು ಕಂಡಾಗಲೆಲ್ಲ ನನಗೆ ಈ ಮನುಷ್ಯನ ನೆನಪಾಗುತ್ತದೆ.

ಸಸಿ ನೆಡುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಕೆ. ಎಂ. ಮುನ್ಶಿಯವರು ಕೇಂದ್ರ ಸಚಿವರಾಗಿದ್ದಾಗ, 1950ರಲ್ಲಿ, ವನಮಹೋತ್ಸವವನ್ನು ಆರಂಭಿಸಿದರು. 1973ರಿಂದ ಜೂನ್ 5 ವಿಶ್ವ ಪರಿಸರ ದಿನವಾಯಿತು. ಶಾಲೆಗಳಲ್ಲಿ ಪರಿಸರದ ಪಾಠವಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಆಮೇಲೆ ಶಾಲೆ ಶಾಲೆಗಳಲ್ಲಿ ಪರಿಸರ ಸಂಘಗಳೂ ಹುಟ್ಟಿಕೊಂಡವು. ಎಲ್ಲವೂ ಒಳ್ಳೆಯದೇ. ಜೂನಿನಲ್ಲಿ ಅತಿಥಿಗಳು ಬಂದು ಸಸಿಯ ಬುಡಕ್ಕೆ ಒಂದು ಚೊಂಬು ನೀರು ಹಾಕಿ ಹೋಗುತ್ತಾರೆ. ಮೇಲಿನ ಉಪಚಾರವನ್ನು ಮಳೆರಾಯ ನೋಡಿಕೊಳ್ಳುತ್ತಾನೆ. ಸಸಿಗೆ ಕಂಟಕವೊದಗುವುದು ಮರುವರ್ಷದ ಏಪ್ರಿಲಿನಲ್ಲಿ. ಬಿಸಿಲು ಏರಿ ನೆಲ ಕಾದಿರುವ ಆ ಹೊತ್ತಿಗೇ ಸರಿಯಾಗಿ ಶಾಲೆಗೆ ಬೀಗ ಬೀಳುತ್ತದೆ. ಅದು ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ನಗರದ ಅಂಚಿನ ಶಾಲೆಗಳಲ್ಲಿ ಕೆಲಸವನ್ನರಸಿ ಬಂದವರ ಮಕ್ಕಳೂ ಇರುತ್ತಾರೆ. ರಜೆ ಬಂದೊಡನೆ ಅವರು ತಮ್ಮ ತಮ್ಮ ಊರುಗಳಿಗೆ ತೆರಳುತ್ತಾರೆ. ಒಳಗೆ ಒಣಕಡ್ಡಿಯೊಂದೇ ಉಳಿದ ಕಬ್ಬಿಣದ ಬೇಲಿಗಳನ್ನು ನಾನು ಎಷ್ಟೋ ಶಾಲೆಗಳ ಅಂಗಳದಲ್ಲಿ ಕಂಡಿದ್ದೇನೆ. ಆ ಬೇಲಿಗೆ ಕಟ್ಟಿದ ದಾನಿಗಳ ಹೆಸರಿನ ತಗಡು ಮಾತ್ರ ಬಾಡುವುದಿಲ್ಲ!

2025ರಲ್ಲಿ ಕಣ್ಮರೆಯಾದ ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ನೆನೆಯಬೇಕು. ಮಾಗಡಿ ಸೀಮೆಯಲ್ಲಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಕೆ ಪತಿ ಚಿಕ್ಕಯ್ಯನವರೊಡನೆ ಬೆಳೆಸಿದ ಆಲಗಳು 385 ಎಂದು ಪ್ರಸಿದ್ಧಿ. ಆ ದಂಪತಿಗಳು ನೆಟ್ಟರೆಂಬುದು ದೊಡ್ಡದೇ; ಬಿಂದಿಗೆಗಳಲ್ಲಿ ನೀರು ಹೊತ್ತು ಬೇಸಗೆಗಳನ್ನು ದಾಟಿಸಿದರೆಂಬುದು ಅದಕ್ಕಿಂತ ದೊಡ್ಡದು. ಅವರ ಕಾಯಕಕ್ಕೆ ರಜೆಯೆಂಬುದಿರಲಿಲ್ಲ.

ಹಾಗಾದರೆ ಶಾಲೆ ಮಾಡಬಹುದಾದುದೇನು? ಲೆಕ್ಕ ಹಾಕಿ ನೋಡೋಣ. ಐದನೆಯ ತರಗತಿಯ ಮಕ್ಕಳಿಗೂ ಇದು ಎಟುಕುವ ಲೆಕ್ಕವೇ. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರಾಯಿತು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನಷ್ಟು. ಕಾಲುಭಾಗ ಪೋಲಾಯಿತೆಂದರೂ ವರ್ಷಕ್ಕೆ ಎಪ್ಪತ್ತು ಸಾವಿರ ಲೀಟರಿಗೆ ಮೋಸವಿಲ್ಲ. ಇಪ್ಪತ್ತು ಸಸಿಗಳಿಗೆ ದಿನ ಬಿಟ್ಟು ದಿನ ಹತ್ತು ಹತ್ತು ಲೀಟರ್ ಎರೆದರೆ, ರಜೆಯ ನಲವತ್ತೆಂಟು ದಿನಗಳಿಗೆ ಬೇಕಾಗುವುದು 4,800 ಲೀಟರ್. ಸೆಪ್ಟೆಂಬರ್, ಅಕ್ಟೋಬರುಗಳ ಮಳೆಯಲ್ಲಿ ಐದು ಸಾವಿರ ಲೀಟರಿನ ಮುಚ್ಚಿದ ತೊಟ್ಟಿಯೊಂದನ್ನು ತುಂಬಿಸಿ, ಏಪ್ರಿಲಿನವರೆಗೆ ಅದನ್ನು ಮುಟ್ಟದಿದ್ದರಾಯಿತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬದುಕುವ ಈ ಬಯಲುಸೀಮೆಯಲ್ಲಿ ಇದು ಸಣ್ಣ ಸಂಪತ್ತಲ್ಲ. ಶಾಲೆ ನಡೆಯುವ ದಿನಗಳಲ್ಲಂತೂ ಬಿಸಿಯೂಟದ ತಟ್ಟೆ ತೊಳೆದ ನೀರೇ ನುಗ್ಗೆಗೂ ಬಾಳೆಗೂ ಸಾಕು.

ನೀರಿದ್ದರೆ ಸಾಲದು, ಎರೆಯುವ ಕೈ ಬೇಕು. ಸರಕಾರಿ ಶಾಲೆಗಳಿಗೆ ಪೋಷಕರ ಶಾಲಾಭಿವೃದ್ಧಿ ಸಮಿತಿಗಳಿವೆ. ಶಾಲೆಯ ನೆರೆಯ ನಾಲ್ಕು ಮನೆಗಳವರು ವಾರಕ್ಕೊಬ್ಬರಂತೆ ಸರದಿ ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಮಕ್ಕಳಿಗಿರುವಂತೆ ಸಸಿಗಳಿಗೂ ಒಂದು ಹಾಜರಿ ಪುಸ್ತಕವಿರಲೆಂದು ನನ್ನ ಸಲಹೆ. ಶಾಲೆ ತೆರೆದ ಮೊದಲ ದಿನ ಮಕ್ಕಳೇ ಅದನ್ನು ಹಿಡಿದು ಅಂಗಳವನ್ನು ಸುತ್ತಲಿ. ವರದಿಗಳಲ್ಲಿಯೂ ನೆಟ್ಟವೆಷ್ಟು ಎಂಬುದರ ಬದಲಿಗೆ ಆ ದಿನ ಉಳಿದವೆಷ್ಟು ಎಂಬುದನ್ನು ಬರೆಯುವುದು ಮೇಲು.

ಯಾವ ಸಸಿ ಎಂದು ಕೇಳಿದರೆ ನಾನು ಹುಣಸೆಯನ್ನೇ ಹೇಳುವೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆತೋಪು 54 ಎಕರೆಗಳಷ್ಟಿದೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಶತಮಾನಗಳನ್ನು ಕಂಡ ಆ ಮರಗಳನ್ನು ತೋರಿಸಲು ಮಕ್ಕಳನ್ನು ಒಂದು ದಿನ ಅಲ್ಲಿಗೆ ಕರೆದೊಯ್ಯಬಹುದು. ಬೀಜಕ್ಕಾಗಿ ಬೇರೆಲ್ಲೂ ಅಲೆಯಬೇಕಿಲ್ಲ. ಮನೆಯಲ್ಲಿ ಸಾರಿಗೆ ಹುಣಸೆ ಕಿವುಚಿದಾಗ ಉಳಿದ ಬೀಜವನ್ನೇ ತಂದು, ಒಂದು ರಾತ್ರಿ ನೆನೆಹಾಕಿ, ತೂತು ಕೊರೆದ ಡಬ್ಬದ ಮಣ್ಣಿನಲ್ಲಿ ಊರಿದರೆ ಆಯಿತು. ಬೀಜದಿಂದೆದ್ದ ಹುಣಸೆ ಕಾಯಿ ಬಿಡಲು ಎಂಟು ಹತ್ತು ವರ್ಷಗಳು ಬೇಕು. ಒಂದನೆಯ ತರಗತಿಯಲ್ಲಿ ಊರಿದ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ವೇಳೆಗೆ ಮೊದಲ ಕಾಯಿಗಳನ್ನು ಕಾಣಬಹುದು; ನಡುವೆ ಒಂಬತ್ತು ಬೇಸಗೆ ರಜೆಗಳಿವೆ.