ಉಪಾಹಾರಗೃಹಗಳ ಸರತಿ ಸಾಲು

ಉಪಾಹಾರಗೃಹಗಳ ಸರತಿ ಸಾಲು ಎಂದರೆ ಜನಪ್ರಿಯ ಹೋಟೆಲು ಅಥವಾ ತಿಂಡಿ ಅಂಗಡಿಗಳಲ್ಲಿ ಆಸನವಾಗಲಿ ಆಹಾರವಾಗಲಿ ದೊರೆಯುವವರೆಗೆ ಗ್ರಾಹಕರು ಬಂದ ಕ್ರಮದಲ್ಲಿ ಕಾಯುವ ವ್ಯವಸ್ಥೆ. ಆಡುಮಾತಿನಲ್ಲಿ ಇದನ್ನು ‘ಕ್ಯೂ’ ಎನ್ನುತ್ತಾರೆ. ಬಾಗಿಲ ಮುಂದೆ ನಿಲ್ಲುವುದು, ಹೆಸರು ಬರೆಸಿ ಕರೆಗಾಗಿ ಕಾಯುವುದು, ಮೊದಲೇ ಹಣ ಕೊಟ್ಟು ಕೂಪನ್ ಪಡೆಯುವುದು ಇದರ ಸಾಮಾನ್ಯ ರೂಪಗಳು. ಜನರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕಚೇರಿಗೆ ಹೊರಟ ದಿನ ಕಾಫಿಗೆ ಹತ್ತು ನಿಮಿಷ ಕಾಯಲು ಒಪ್ಪದವರೇ ಭಾನುವಾರ ಬೆಳಿಗ್ಗೆ ಮಸಾಲೆ ದೋಸೆಗಾಗಿ ಒಂದು ಗಂಟೆ ನಿಲ್ಲುವುದುಂಟು. ಅರ್ಥಶಾಸ್ತ್ರಜ್ಞರು ಈ ಕಾಯುವಿಕೆಯನ್ನು ಸಮಯದ ರೂಪದಲ್ಲಿ ತೆರುವ ಬೆಲೆ ಎಂದು ಪರಿಗಣಿಸುತ್ತಾರೆ. ಆದರೆ ಇದು ವಿಚಿತ್ರವಾದ ಬೆಲೆ: ಗ್ರಾಹಕನು ಕಳೆದುಕೊಂಡ ಸಮಯವು ಮಾಲೀಕನ ಗಲ್ಲಾಪೆಟ್ಟಿಗೆಗೆ ಸೇರುವುದಿಲ್ಲ.

ಸಾಲು ಬೆಳೆಯುವ ಬಗೆ

ಸರತಿ ಸಾಲುಗಳ ಗಣಿತದ ಅಧ್ಯಯನವು ಹೋಟೆಲುಗಳಿಂದಲ್ಲ, ದೂರವಾಣಿಯಿಂದ ಆರಂಭವಾಯಿತು. ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಎ. ಕೆ. ಎರ್ಲಾಂಗ್ 1909ರಲ್ಲಿ ಈ ವಿಷಯದ ಮೊದಲ ಪ್ರಬಂಧವನ್ನು ಪ್ರಕಟಿಸಿದರು. 1961ರಲ್ಲಿ ಜಾನ್ ಲಿಟಲ್ ಸರಳವಾದ ಒಂದು ನಿಯಮವನ್ನು ಸಾಧಿಸಿ ತೋರಿಸಿದರು. ಅದರಂತೆ, ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು ಜನರು ಬರುವ ವೇಗ ಮತ್ತು ಪ್ರತಿಯೊಬ್ಬರೂ ಕಾಯುವ ಸರಾಸರಿ ಸಮಯದ ಗುಣಲಬ್ಧಕ್ಕೆ ಸಮ. ನಿಮಿಷಕ್ಕೆ ಇಬ್ಬರಂತೆ ಬರುವ ಕಡೆ ಸಾಮಾನ್ಯವಾಗಿ 40 ಮಂದಿ ನಿಂತಿರುತ್ತಾರೆಂದರೆ ಸರಾಸರಿ ಕಾಯುವಿಕೆ 20 ನಿಮಿಷ.

ಮೇಜಿನ ಸೇವೆಯಿರುವಲ್ಲಿ ಲೆಕ್ಕವನ್ನು ನಿರ್ಧರಿಸುವವರು ಹೊರಗೆ ನಿಂತವರಲ್ಲ, ಒಳಗೆ ಕುಳಿತವರು. 20 ಮೇಜುಗಳಿದ್ದು ಪ್ರತಿ ಗುಂಪೂ 40 ನಿಮಿಷ ಕುಳಿತರೆ ಸರಾಸರಿ 2 ನಿಮಿಷಕ್ಕೊಂದು ಮೇಜು ತೆರವಾಗುತ್ತದೆ. ಸಾಲಿನ 16ನೆಯ ಗುಂಪು ಸುಮಾರು 32 ನಿಮಿಷ ಕಾಯಬೇಕು. ಪ್ರತಿ ಮೇಜಿನವರೂ ಊಟ ಮುಗಿಸಿದ ಮೇಲೆ ಇನ್ನು 10 ನಿಮಿಷ ಹರಟಿದರೆ ಅದೇ ಗುಂಪಿನ ಪಾಲಿಗೆ 40 ನಿಮಿಷ ಬರುತ್ತದೆ.

ಇದಕ್ಕಿಂತ ಅಚ್ಚರಿಯ ಸಂಗತಿಯೆಂದರೆ ಸಾಲು ಜನಸಂಖ್ಯೆಗೆ ತಕ್ಕಂತೆ ಸಮನಾಗಿ ಬೆಳೆಯುವುದಿಲ್ಲ. ಬಡಿಸುವವನು ಒಬ್ಬನೇ ಇರುವ ಅತಿ ಸರಳ ಮಾದರಿಯಲ್ಲಿ, ಅವನು ತನ್ನ ಸಮಯದ ಶೇ. 80ರಷ್ಟು ಕೆಲಸದಲ್ಲಿದ್ದರೆ ಅಂಗಡಿಯಲ್ಲಿ ಸರಾಸರಿ 4 ಮಂದಿ ಇರುತ್ತಾರೆ. ಶೇ. 90ಕ್ಕೆ ಏರಿದರೆ 9 ಮಂದಿ, ಶೇ. 95ಕ್ಕೆ ಏರಿದರೆ 19 ಮಂದಿ. ನಿನ್ನೆ ಸುಲಭವಾಗಿ ಜಾಗ ಸಿಕ್ಕ ಹೋಟೆಲಿನಲ್ಲಿ ಇಂದು ಸ್ವಲ್ಪವೇ ಹೆಚ್ಚು ಜನ ಬಂದರೂ ಸಾಲು ಬೀದಿಗೆ ಚಾಚುವುದಕ್ಕೆ ಇದೇ ಕಾರಣ.

ಬೆಲೆ ಏರದಿರುವ ಒಗಟು

ಬೇಡಿಕೆ ಹೆಚ್ಚಾದಾಗ ಬೆಲೆ ಏರಬೇಕು, ಸಾಲು ಕರಗಬೇಕು ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ವಾಸ್ತವದಲ್ಲಿ ಹಾಗಾಗುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಗ್ಯಾರಿ ಬೆಕರ್ 1991ರ ಒಂದು ಕಿರುಪ್ರಬಂಧದಲ್ಲಿ ಎತ್ತಿಕೊಂಡರು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮೀನಿನ ಅಡುಗೆಯ ಒಂದು ಹೋಟೆಲಿನ ಮುಂದೆ ಉದ್ದನೆಯ ಸಾಲಿರುತ್ತಿತ್ತು. ರಸ್ತೆಯ ಆಚೆ ಬದಿಯಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಊಟ, ತುಸುವೇ ಹೆಚ್ಚಿನ ಬೆಲೆಯಿದ್ದ ಮತ್ತೊಂದು ಹೋಟೆಲಿನಲ್ಲಿ ಆಸನಗಳು ಖಾಲಿಯಿರುತ್ತಿದ್ದವು. ಬೆಕರ್ ಅವರ ಉತ್ತರ ಹೀಗಿದೆ: ಇಂಥ ಕಡೆ ಒಬ್ಬರ ಬೇಡಿಕೆಯು ಇತರರ ಬೇಡಿಕೆಯನ್ನು ಅವಲಂಬಿಸಿರುತ್ತದೆ. ಸಾಲೇ ಜನರನ್ನು ಸೆಳೆಯುತ್ತದೆ. ಬೆಲೆ ಏರಿಸಿ ಸಾಲನ್ನು ಕರಗಿಸಿದರೆ ಬೇಡಿಕೆಯು ಮೆಲ್ಲನೆ ಇಳಿಯದೆ ಒಮ್ಮೆಗೇ ಕುಸಿಯಬಹುದು. ಸಾಲಿನಲ್ಲಿ ತಮ್ಮ ಹಿಂದೆ ಹೆಚ್ಚು ಜನರಿರುವುದನ್ನು ಕಂಡವರು ತಾವು ಕಾಯುತ್ತಿರುವ ವಸ್ತುವಿಗೆ ಹೆಚ್ಚಿನ ಬೆಲೆ ಕಟ್ಟುತ್ತಾರೆಂದು ಮಿಂಜಂಗ್ ಕೂ ಮತ್ತು ಆಯೆಲೆಟ್ ಫಿಶ್‌ಬಾಕ್ 2010ರ ಅಧ್ಯಯನದಲ್ಲಿ ತೋರಿಸಿದರು.

ಈ ವಿವರಣೆ ಹೊಸದಾಗಿ ಹೆಸರು ಮಾಡಿದ ಹೋಟೆಲುಗಳಿಗೆ ಚೆನ್ನಾಗಿ ಒಪ್ಪುತ್ತದೆ. ತಲೆಮಾರುಗಳಿಂದ ಬರುವ ಗ್ರಾಹಕರಿರುವ ಹಳೆಯ ಹೋಟೆಲುಗಳಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಅಲ್ಲಿ ಮಿತವಾದ ಬೆಲೆಯೂ ಹೋಟೆಲಿನ ಹೆಸರಿನ ಒಂದು ಭಾಗವೇ ಆಗಿರುತ್ತದೆ.

ಪೂರೈಕೆಯನ್ನು ಬೇಕೆಂದಾಗ ಹೆಚ್ಚಿಸಲಾಗದಿರುವುದು ಇನ್ನೊಂದು ಕಾರಣ. ಅಮೆರಿಕದ ಆಸ್ಟಿನ್ ನಗರದ ಫ್ರಾಂಕ್ಲಿನ್ ಬಾರ್ಬೆಕ್ಯೂ ಇದಕ್ಕೆ ಪ್ರಸಿದ್ಧ ಉದಾಹರಣೆ. 2009ರಲ್ಲಿ ಒಂದು ಗಾಡಿಯಲ್ಲಿ ಆರಂಭವಾದ ಈ ಅಂಗಡಿಯಲ್ಲಿ ದನದ ಎದೆಭಾಗದ ಮಾಂಸವನ್ನು ಸೌದೆಯ ಹೊಗೆಯಲ್ಲಿ ಹತ್ತು ಗಂಟೆಗೂ ಹೆಚ್ಚು ಕಾಲ ಬೇಯಿಸುತ್ತಾರೆ. ಆದ್ದರಿಂದ ಒಂದು ದಿನ ಎಷ್ಟು ಜನರಿಗೆ ಬಡಿಸಬಹುದೆಂಬುದು ಹಿಂದಿನ ದಿನವೇ ತೀರ್ಮಾನವಾಗಿರುತ್ತದೆ. ಗ್ರಾಹಕರು ಬಾಗಿಲು ತೆರೆಯುವುದಕ್ಕೆ ಗಂಟೆಗಳ ಮೊದಲೇ ಮಡಚುವ ಕುರ್ಚಿಗಳೊಂದಿಗೆ ಬಂದು ಕೂರುತ್ತಾರೆ. ಮಾಂಸ ಮುಗಿದೊಡನೆ ಅಂಗಡಿ ಮುಚ್ಚುತ್ತದೆ.

ಕಾಯುವವರ ಮನಃಸ್ಥಿತಿ

ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಲೇಖನವು ಗಡಿಯಾರದ ಸಮಯಕ್ಕೂ ಅನುಭವದ ಸಮಯಕ್ಕೂ ಇರುವ ಅಂತರವನ್ನು ವಿವರಿಸುತ್ತದೆ. ಸುಮ್ಮನೆ ನಿಂತ ಹೊತ್ತು ದೀರ್ಘವೆನಿಸುತ್ತದೆ. ಕೈಗೆ ತಿಂಡಿಪಟ್ಟಿ ಬಂದರೆ ಊಟವೇ ಆರಂಭವಾದಂತೆ ತೋರುತ್ತದೆ. ಒಬ್ಬರೇ ಕಾಯುವುದಕ್ಕಿಂತ ಜೊತೆಯಲ್ಲಿ ಕಾಯುವುದು ಹಗುರ. ಕೊನೆ ತಿಳಿಯದ ಕಾಯುವಿಕೆ ಎಲ್ಲಕ್ಕಿಂತ ಭಾರ. ‘ಇನ್ನೈದು ನಿಮಿಷ’ ಎಂದು ಹೇಳಿ ಇಪ್ಪತ್ತು ನಿಮಿಷ ನಿಲ್ಲಿಸುವುದಕ್ಕಿಂತ ಮೊದಲೇ ಅರ್ಧ ಗಂಟೆ ಎನ್ನುವುದು ಗ್ರಾಹಕನಿಗೆ ಹೆಚ್ಚು ಸಹ್ಯ.

ಕೆಲವೊಮ್ಮೆ ಸಾಲು ಆಹಾರಕ್ಕಿಂತ ದೊಡ್ಡ ಘಟನೆಯಾಗುತ್ತದೆ. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್ ತೆರೆದಾಗ ಒಂದೇ ದಿನ 30,000ಕ್ಕೂ ಹೆಚ್ಚು ಜನರಿಗೆ ಆಹಾರ ಒದಗಿಸಲಾಯಿತು. ದಿನಸಿಗೂ ಸಾಲು ನಿಲ್ಲುವ ರೂಢಿಯಿದ್ದ ದೇಶದಲ್ಲಿ ಆ ಜನರು ನಿಂತದ್ದು ಬರಿಯ ಹಸಿವಿನಿಂದಲ್ಲ.

ಬೆಂಗಳೂರಿನಲ್ಲಿ

ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಬಾಗಿಲಲ್ಲಿ ರಜಾದಿನಗಳಂದು ದೋಸೆಗಾಗಿ ಕಾದು ನಿಂತವರ ಗುಂಪು ನಗರಕ್ಕೆ ಪರಿಚಿತ ದೃಶ್ಯ. 1924ರಲ್ಲಿ ಸ್ಥಾಪನೆಯಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಲಾಲ್‌ಬಾಗ್ ರಸ್ತೆಯ ಶಾಖೆಯಲ್ಲಿಯೂ ಕಾಯುವಿಕೆ ಊಟದ ಅಂಗವೇ ಆಗಿದೆ. ಇಂಥ ಹೋಟೆಲುಗಳಲ್ಲಿ ಪರಿಚಯವಿಲ್ಲದವರನ್ನು ಒಂದೇ ಮೇಜಿಗೆ ಕೂರಿಸುವ ರೂಢಿಯಿದೆ. ಹೊಸಬರಿಗೆ ಮುಜುಗರವೆನಿಸಿದರೂ ನಾಲ್ವರ ಮೇಜಿನಲ್ಲಿ ಇಬ್ಬರೇ ಕುಳಿತು ಎರಡು ಆಸನ ವ್ಯರ್ಥವಾಗುವುದನ್ನು ಇದು ತಪ್ಪಿಸುತ್ತದೆ. ಒಬ್ಬರೇ ಬಂದವರಿಗಂತೂ ಬೇಗ ಜಾಗ ಸಿಗುತ್ತದೆ.

1980ರ ದಶಕದಲ್ಲಿ ಹರಡಿದ ದರ್ಶಿನಿಗಳು ಸಮಸ್ಯೆಯನ್ನು ಬೇರೆ ದಾರಿಯಿಂದ ಬಿಡಿಸಿದವು. ಅಲ್ಲಿ ಕೂರುವ ಮೇಜೇ ಇಲ್ಲ. ಮೊದಲು ಹಣ, ಆಮೇಲೆ ತಿಂಡಿ, ನಿಂತೇ ತಿನ್ನುವುದು. ಹರಟೆಗೆ ಎಡೆಯಿಲ್ಲದ ಕಾರಣ ಉದ್ದನೆಯ ಸಾಲೂ ಬೇಗ ಸರಿಯುತ್ತದೆ.

ಸರದಿಯ ನ್ಯಾಯ

ಬಂದವರಿಗೆ ಬಂದ ಕ್ರಮದಲ್ಲಿ ಎಂಬ ನಿಯಮವು ಧನಿಕ, ಬಡವ ಎಂದು ನೋಡದಿರುವುದೇ ಅದರ ಬಲ. ಆದರೆ ಎಲ್ಲರ ಸಮಯವೂ ಒಂದೇ ಅಲ್ಲ. ಒಂದು ಗಂಟೆ ನಿಲ್ಲುವುದು ರಜೆಯಲ್ಲಿರುವ ವಿದ್ಯಾರ್ಥಿಗೆ ವಿನೋದವಾದರೆ, ಕಂಕುಳಲ್ಲಿ ಮಗುವಿರುವ ತಾಯಿಗೂ ಮಂಡಿನೋವಿನ ಹಿರಿಯರಿಗೂ ದಿನಗೂಲಿಯವರಿಗೂ ಅದು ಬಾಗಿಲು ಮುಚ್ಚಿದಂತೆಯೇ.

ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತು ಸಂಗಡಿಗರು ನ್ಯೂಯಾರ್ಕಿನ 129 ಸಾಲುಗಳಲ್ಲಿ ಬೇಕೆಂದೇ ನಡುವೆ ನುಗ್ಗುವ ಪ್ರಯೋಗ ಮಾಡಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಖ್ಯವಾಗಿ ಆಕ್ಷೇಪಿಸಿದವರು ನುಗ್ಗಿದವನ ಹಿಂದಿದ್ದವರು. 2014ರ ಜುಲೈನಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಫ್ರಾಂಕ್ಲಿನ್ ಬಾರ್ಬೆಕ್ಯೂನಲ್ಲಿ ಸಾಲು ಮೀರಿ ಮುಂದೆ ಹೋದಾಗ, ತಾವು ದಾಟಿ ಬಂದವರ ಊಟದ ಹಣವನ್ನೂ ತಾವೇ ಕೊಟ್ಟರು.

ಕಾಯುವಿಕೆ ಮಾರಾಟದ ವಸ್ತುವೂ ಆಗಬಲ್ಲದು. 2013ರಲ್ಲಿ ಡೊಮಿನಿಕ್ ಆನ್ಸೆಲ್ ಅವರ ನ್ಯೂಯಾರ್ಕಿನ ಬೇಕರಿ ಕ್ರೋನಟ್ ಎಂಬ ಸಿಹಿತಿನಿಸನ್ನು ಪರಿಚಯಿಸಿದಾಗ, ಹಣ ಪಡೆದು ಬೇರೆಯವರ ಪರವಾಗಿ ಸಾಲು ನಿಲ್ಲುವವರೂ ಕೊಂಡದ್ದನ್ನು ಹಲವು ಪಟ್ಟು ಬೆಲೆಗೆ ಮರುಮಾರುವವರೂ ಹುಟ್ಟಿಕೊಂಡರು. ಒಬ್ಬರಿಗೆ ಇಷ್ಟೇ ಎಂದು ಬೇಕರಿಯು ಮಿತಿ ಹೇರಬೇಕಾಯಿತು.

ಸಾಲಿಗೆ ಬದಲಿ ಕ್ರಮಗಳು

ಟೋಕಿಯೊದ ತ್ಸುತಾ ಎಂಬ ಪುಟ್ಟ ರಾಮೆನ್ ಅಂಗಡಿಗೆ 2015ರ ಕೊನೆಯಲ್ಲಿ ಮಿಷಲಿನ್ ತಾರೆ ದೊರೆತ ಮೇಲೆ ಅಲ್ಲಿ ಬೆಳಿಗ್ಗೆ 1,000 ಯೆನ್ ಠೇವಣಿಯಿಟ್ಟು ಚೀಟಿ ಪಡೆದು, ಅದರಲ್ಲಿ ಸೂಚಿಸಿದ ವೇಳೆಗೆ ಮರಳಿ ಬರುವ ಪದ್ಧತಿ ಬಂತು. ಷಿಕಾಗೊದ ನೆಕ್ಸ್ಟ್ ಹೋಟೆಲು 2011ರಲ್ಲಿ ನಾಟಕದ ಟಿಕೆಟಿನಂತೆ ಊಟವನ್ನು ಮುಂಗಡವಾಗಿ ಮಾರಿತು. ಬೇಡಿಕೆಯ ದಿನಗಳಿಗೆ ಬೆಲೆ ಹೆಚ್ಚು, ಉಳಿದ ದಿನಗಳಿಗೆ ಕಡಿಮೆ. ಮೊಬೈಲಿನಲ್ಲಿ ಸರದಿ ತಿಳಿಸುವ ವ್ಯವಸ್ಥೆಗಳು ಈಗ ಭಾರತದಲ್ಲಿಯೂ ಬಳಕೆಯಲ್ಲಿವೆ. ಇವು ನಿಲ್ಲುವ ಶ್ರಮವನ್ನು ತಗ್ಗಿಸುತ್ತವೆ; ಮೇಜುಗಳ ಸಂಖ್ಯೆಯನ್ನು ಹೆಚ್ಚಿಸುವುದಿಲ್ಲ.